ರೇಡಿಯೋಕ್ಕೆ ಅಂಟಿಸಿದ ಕೆಂಪು ಎಳೆ

ಈಗಿನ ಟೀವಿಗಳು ದೊಡ್ಡ ಮನಸ್ಸಿನವು. ದನಿ ಎಷ್ಟಿದೆ ಎಂದು ಪರದೆಯ ಮೇಲೆ ಅಂಕಿ ಬರೆದು ತೋರಿಸುತ್ತವೆ. ಮೊಮ್ಮಕ್ಕಳು ಇಪ್ಪತ್ತೆಂಟು ಎಂದರೆ ನಾನು ಹನ್ನೆರಡು ಎನ್ನುತ್ತೇನೆ, ಕೊನೆಗೆ ಹದಿನೆಂಟಕ್ಕೆ ರಾಜಿಯಾಗುತ್ತದೆ. ರಾಜಿಯಾದ ಮೇಲೂ ನಾನು ಎದ್ದು ಹಿತ್ತಲ ಕೋಣೆಗೆ ಹೋಗುತ್ತೇನೆ, ಆ ಮಾತು ಬೇರೆ. ನನ್ನ ಕಿವಿ ಹುಟ್ಟಿದಾಗಿನಿಂದ ಹೀಗೇ. ತಾಟು ನೆಲಕ್ಕೆ ಬಿದ್ದರೆ ಉಳಿದವರಿಗೆ ತಾಟು ಬಿದ್ದಿರುತ್ತದೆ, ಅಷ್ಟೇ. ನನಗೆ ಹಲ್ಲಿನ ಬೇರಿನವರೆಗೆ ಝುಮ್ಮೆನ್ನುತ್ತದೆ. ಯಾರಾದರೂ ಬಸಿಗೆ ಚಹಾ ಸುರಿದುಕೊಂಡು ಸೊರ್ ಎಂದು ಎಳೆದರೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ಆ ಕ್ಷಣಕ್ಕೆ ನನಗೆ ವೈರಿಗಳು. ಇದಕ್ಕೆ ಈಗ ಡಾಕ್ಟರರ ಹತ್ತಿರ ಏನೋ ಹೆಸರಿದೆಯಂತೆ. ಐವತ್ತರ ದಶಕದಲ್ಲಿ ನಾನು ಸೊಸೆಯಾಗಿ ಇಳಕಲ್ಲಿಗೆ ಬಂದಾಗ ಇದಕ್ಕಿದ್ದ ಹೆಸರು ‘ನಾಜೂಕು’. ಅತ್ತೆಗೆ ಸಿಟ್ಟು ಬಂದ ದಿನ ‘ಸೊಕ್ಕು’.

ನನ್ನ ತವರು ಬಾದಾಮಿ. ಅಪ್ಪ ನೇಕಾರರ ಮನೆಯಲ್ಲಿ ಹುಟ್ಟಿದವರೇ, ಆದರೆ ಮುಲ್ಕಿ ಪರೀಕ್ಷೆ ಪಾಸು ಮಾಡಿ ಸಾಲಿ ಮಾಸ್ತರರಾಗಿದ್ದರು. ದಿನವೆಲ್ಲ ಹುಡುಗರ ಗದ್ದಲದಲ್ಲಿ ಕಳೆದು ಬರುತ್ತಿದ್ದುದರಿಂದ ಮನೆಯಲ್ಲಿ ಯಾರೂ ದನಿ ಎತ್ತಕೂಡದೆಂದು ಅವರ ಕಟ್ಟಪ್ಪಣೆ. ನಾನು, ನನ್ನ ಅಕ್ಕ ಪಿಸುಮಾತಿನಲ್ಲೇ ಜಗಳಾಡಿ ದೊಡ್ಡವರಾದವರು. ಪಿಸುಮಾತಿನಲ್ಲಿ ಬೈದರೆ ಬೈಗುಳ ಇನ್ನೂ ಚೆನ್ನಾಗಿ ನಾಟುತ್ತದೆ, ಬೇಕಾದರೆ ಪ್ರಯತ್ನಿಸಿ ನೋಡಿ.

ಅಂಥ ಮನೆಯಿಂದ ಬಂದವಳು ಇಳಕಲ್ಲಿನ ನೇಕಾರರ ಓಣಿಗೆ ಬಿದ್ದೆ. ಬೆಳಗಾದರೆ ಓಣಿಯ ಎರಡೂ ಬದಿಗೆ ಮಗ್ಗಗಳು ಶುರುವಾಗುತ್ತಿದ್ದವು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವ ಸದ್ದು, ಅದರ ಹಿಂದೆಯೇ ನೂಲನ್ನು ಬಡಿದು ಕೂಡಿಸುವ ಸದ್ದು. ಮೊದಲ ವಾರ ತಲೆ ಚಿಟ್ಟು ಹಿಡಿದು, ಬಾದಾಮಿಗೆ ಹೋಗುವ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿದ್ದೂ ಉಂಟು. ಎರಡನೆಯ ವಾರದಲ್ಲಿ ಸದ್ದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಗ್ಗದ ಸದ್ದಿಗೆ ಒಂದು ಲೆಕ್ಕವಿದೆ, ಮುಂದಿನ ಬಡಿತ ಯಾವಾಗ ಬರುತ್ತದೆಂದು ಕಿವಿಗೆ ಮೊದಲೇ ಗೊತ್ತಿರುತ್ತದೆ. ನನ್ನ ಕಿವಿಗೆ ಹೆದರಿಕೆ ಇರುವುದು ಹೇಳದೆ ಕೇಳದೆ ಮೇಲೆ ಬೀಳುವ ಸದ್ದಿನದು.

ಮನೆಯಲ್ಲಿ ನಾವು ನಾಲ್ಕೇ ಜನ. ನಮ್ಮ ಮನೆಯವರು ಹುನಗುಂದದ ಕೋರ್ಟಿನಲ್ಲಿ ಕಾರಕೂನರು, ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಕೊನೆಯ ಬಸ್ಸಿಗೆ ಬರುತ್ತಿದ್ದರು. ಅತ್ತೆ ಅಡಿಗೆ, ಹಿತ್ತಲು, ಗುಡಿ ಎಂದು ಕಾಲಿಗೆ ಚಕ್ರ ಕಟ್ಟಿಕೊಂಡವರು. ಮಾವ ನಡುಮನೆಯ ಕುಣಿಮಗ್ಗದಲ್ಲಿ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆಂದರೆ ಊಟಕ್ಕೇ ಏಳುವುದು. ನನ್ನ ಕೆಲಸ ರಾಟೆಯ ಮುಂದೆ ಕುಳಿತು, ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು. ರಾಟೆ ಇದ್ದದ್ದು ನಡುಮನೆಯ ಬಾಗಿಲಿನ ಈಚೆಗೆ. ಮಾವನಿಗೂ ನನಗೂ ನಡುವೆ ಆರೇಳು ಅಡಿ, ಒಂದು ಬಾಗಿಲು, ಮತ್ತು ಒಂದು ದೊಡ್ಡ ರಿವಾಜು.

ರಿವಾಜು ಏನೆಂದರೆ, ಸೊಸೆಯಾದವಳು ಮಾವನ ಎದುರು ತಲೆಯ ಮೇಲೆ ಸೆರಗಿಲ್ಲದೆ ಬರಬಾರದು. ಬಂದರೆ ನಿಲ್ಲಬಾರದು. ನಿಂತರೂ ಮಾತಾಡಬಾರದು. ಮಾವನಿಗೆ ಕಂಡಿಕೆ ಬೇಕಾದರೆ ಆರು ಅಡಿ ದೂರದ ನನ್ನನ್ನು ಬಿಟ್ಟು, ಹಿತ್ತಲಿನಲ್ಲಿದ್ದ ಅತ್ತೆಯನ್ನು ಕೂಗುತ್ತಿದ್ದರು. “ಆ ಹುಡಿಗಿಗೆ ಕಂಡಿಕಿ ಕೊಡಾಕ ಹೇಳು!” ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನನಗೆ ಹೇಳಬೇಕು. ಕೆಂಪು ನೂಲು ತೀರಿದೆ ಎಂದು ನಾನು ಅತ್ತೆಯ ಕಿವಿಯಲ್ಲಿ ಹೇಳಬೇಕು. ಅತ್ತೆ ಅದನ್ನು ಮಾವನಿಗೆ ತಲುಪಿಸಬೇಕು. ಹುನಗುಂದದ ಕಚೇರಿಯಲ್ಲಿ ಅರ್ಜಿ ಕೂಡ ಇಷ್ಟು ಕೈ ದಾಟುತ್ತಿರಲಿಲ್ಲವೆಂದು ನಮ್ಮ ಮನೆಯವರೇ ನಗುತ್ತಿದ್ದರು. ಹೀಗೆ ಎರಡು ವರ್ಷ ಒಂದೇ ಸೂರಿನಡಿ ಇದ್ದು ನಾನು ಮಾವನೊಂದಿಗೆ ಒಂದೇ ಒಂದು ಮಾತು ಆಡಿರಲಿಲ್ಲ.

ಆದರೂ ನನಗೆ ಮಾವನೆಂದರೆ ಬಹಳ ಇಷ್ಟ. ಸಣಕಲು ಆಳು, ನೀಟಾದ ಮೀಸೆ, ಅತ್ತೆಯನ್ನು ರೇಗಿಸುವುದರಲ್ಲಿ ಎತ್ತಿದ ಕೈ. ಇಳಕಲ್ ಸೀರೆಯಲ್ಲಿ ಎಲ್ಲಕ್ಕಿಂತ ನಾಜೂಕಿನ ಕೆಲಸ ಮೈಗೆ ಸೆರಗು ಕೂಡಿಸುವುದು. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ರೇಶಿಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು, ಮೇಲೆ ಕೆಂಪು ಸೆರಗನ್ನು ಎಳೆ ಹರಿಯದಂತೆ ನೇಯಬೇಕು. ಆ ಕೆಲಸಕ್ಕೆ ಓಣಿಯಲ್ಲಿ ಮಾವನದೇ ಹೆಸರು. “ನಾ ಕಣ್ಣಿಲೆ ನೇಯಂಗಿಲ್ಲ, ಕಿವಿಲೆ ನೇಯ್ತೇನಿ,” ಎನ್ನುತ್ತಿದ್ದರು. ಅದು ಬಡಾಯಿಯಾಗಿರಲಿಲ್ಲ. ನೂರಾರು ಎಳೆಗಳ ನಡುವೆ ಒಂದು ಹರಿದರೂ ಬಡಿತದ ಸದ್ದು ಕೂದಲೆಳೆಯಷ್ಟು ಬದಲಾಗುತ್ತದೆ. ಬದಲಾದ ತಕ್ಷಣ ಮಾವನ ಮಗ್ಗ ನಿಲ್ಲುತ್ತಿತ್ತು. ರಾಟೆಯ ಮುಂದೆ ಕುಳಿತ ನನಗೂ ಅದು ಅದೇ ಕ್ಷಣಕ್ಕೆ ತಿಳಿಯುತ್ತಿತ್ತು. ಈ ಮನೆಯಲ್ಲಿ ನನ್ನಂಥ ಕಿವಿ ಇನ್ನೊಂದಿದೆ ಎಂದು ನನಗೆ ಒಳಗೊಳಗೇ ಸಂತೋಷ.

ಅಷ್ಟರಲ್ಲಿ ರೇಡಿಯೋ ಬಂತು.

ನಮ್ಮ ಮನೆಯವರು ಅದನ್ನು ಬಾಗಲಕೋಟೆಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ತಂದರು. ಬ್ಯಾಟರಿಯ ಮೇಲೆ ನಡೆಯುವ ಡಬ್ಬಿ, ಮಾಳಿಗೆಯ ಮೇಲೆ ಎರಡು ಬಿದಿರಿನ ನಡುವೆ ಕಟ್ಟಿದ ತಂತಿ. ನಡುಮನೆಯ ಗೂಡಿನಲ್ಲಿ ಅದರ ಸ್ಥಾಪನೆಯಾಯಿತು, ಅತ್ತೆ ಕುಂಕುಮ ಹಚ್ಚಿದರು. ಮಗ್ಗ ನಡೆಯುತ್ತಿರುವಾಗಲೂ ಅಪ್ಪನಿಗೆ ಕೇಳಿಸಬೇಕೆಂದು ಮಗನ ಆಸೆ. ಹಾಗಾಗಿ ದನಿಯ ಗುಂಡಿಯನ್ನು ತಿರುವಿ ತಿರುವಿ, ಓಣಿಯ ತುದಿಯವರು ಹೊರಗೆ ಬಂದು ನೋಡುವಷ್ಟು ಜೋರು ಮಾಡಿದರು. ದಿನಾ ಅಷ್ಟೇ ಇರಲಿ, ಹೆಚ್ಚಾದರೆ ಬ್ಯಾಟರಿ ತೀರುತ್ತದೆ, ಕಡಿಮೆಯಾದರೆ ಕೇಳುವುದಿಲ್ಲ ಎಂದು ಯೋಚಿಸಿ ಗುಂಡಿಗೆ ಗುರುತು ಮಾಡಿದರು. ನೇಕಾರರ ಮನೆಯ ಗುರುತು ಎಂದರೆ ಎಳೆ. ಬೆರಳಿನ ಗೆಣ್ಣಷ್ಟು ಉದ್ದದ ಕೆಂಪು ರೇಶಿಮೆ ಎಳೆಯನ್ನು ಗಂಜಿಯಿಂದ ಗುಂಡಿಗೆ ಅಂಟಿಸಿ, “ಅಪ್ಪಾ, ಈ ಎಳಿ ನೆಟ್ಟಗ ಮ್ಯಾಲಕ್ಕ ಬರೂತನಾ ತಿರುವು. ಅಲ್ಲಿಗಿ ಸಾಕು,” ಎಂದರು.

ಮಾವನಿಗೆ ಇಷ್ಟು ಸಾಕಿತ್ತು. ಸೀರೆಯ ಮೈ ಎಲ್ಲಿ ಮುಗಿಯುತ್ತದೆ, ಸೆರಗು ಎಲ್ಲಿ ಶುರುವಾಗುತ್ತದೆ ಎಂದು ಮಗ್ಗದಲ್ಲಿ ಗುರುತಿನ ಎಳೆ ಹಾಕಿಯೇ ಅವರು ಜೀವನವೆಲ್ಲ ನೇಯ್ದವರು. ಅವರಿಗೆ ಗುರುತಿನ ಎಳೆ ಎಂದರೆ ದೇವರ ಮಾತು. ದಿನಾ ಸಂಜೆ ಎಳೆ ಮೇಲಕ್ಕೆ ಬರುವವರೆಗೆ ಗುಂಡಿ ತಿರುವಿ, ಕುಣಿಗೆ ಇಳಿದು ಧಾರವಾಡದ ಸುದ್ದಿ, ಹಾಡು, ರೈತರ ಮಾತು ಎಲ್ಲ ಕೇಳುತ್ತ ನೇಯುತ್ತಿದ್ದರು.

ನನ್ನ ಪಾಡು ಮಾತ್ರ ಕೇಳಬೇಡಿ. ಸುದ್ದಿ ಓದುವವರು ಕೆಮ್ಮಿದರೆ ನನ್ನ ಕೈಯ ನೂಲು ತುಂಡಾಗುತ್ತಿತ್ತು. ಶಹನಾಯಿ ಶುರುವಾದರೆ ದವಡೆ ಬಿಗಿಯುತ್ತಿತ್ತು. ಮೋಡ ಕವಿದ ದಿನ ಅದು ಕರಕರ ಎಂದು ಕಿರುಚಿಕೊಂಡಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸೆರಗಿನೊಳಗೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡೆ. ಅದರಿಂದ ಅತ್ತೆ ಕರೆದದ್ದು ಕೇಳಿಸದೆ ಬೈಸಿಕೊಂಡೆ. ಮನೆಯವರಿಗೆ ಹೇಳಿದರೆ, “ಊರ ಮಂದಿ ರೇಡಿಯೋ ಕೇಳಾಕ ನಮ್ಮ ಕಟ್ಟಿಗಿ ಬರ್ತಾರ, ನಿನಗ ಮನ್ಯಾಗ ಕುಂತಲ್ಲೇ ಸಿಗ್ತೈತಿ. ಅದಕ್ಕೂ ತಕರಾರು?” ಎಂದು ನಕ್ಕುಬಿಟ್ಟರು. ಮಾವನಿಗೆ ಒಂದು ಮಾತು ಹೇಳಿದ್ದರೆ ಅವರು ಖಂಡಿತ ಕಡಿಮೆ ಮಾಡುತ್ತಿದ್ದರು. ಆದರೆ ಹೇಳುವುದು ಹೇಗೆ? ಅತ್ತೆಯ ಮೂಲಕ ಹೇಳಿಸಿದರೆ ‘ನಾಜೂಕು’ ಹೋಗಿ ‘ಸೊಕ್ಕು’ ಆಗುತ್ತಿತ್ತು.

ಒಂದು ಮಧ್ಯಾಹ್ನ ಗೂಡಿನ ಧೂಳು ಒರೆಸುತ್ತಿದ್ದೆ. ಮಾವ ನೂಲು ತರಲು ಪೇಟೆಗೆ ಹೋಗಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲ. ಕೆಂಪು ಎಳೆಯ ಗಂಜಿ ಒಣಗಿ ಒಂದು ತುದಿ ಎದ್ದಿತ್ತು. ಸುಮ್ಮನೆ ಕಿತ್ತು, ಒಂದು ಜೋಳದ ಕಾಳಿನಷ್ಟು ಮುಂದಕ್ಕೆ ಅಂಟಿಸಿದೆ. ಹಾಗೆ ಮಾಡಿದರೆ ಗುಂಡಿಯನ್ನು ಸ್ವಲ್ಪ ತಿರುವುವಷ್ಟರಲ್ಲೇ ಎಳೆ ಮೇಲಕ್ಕೆ ಬಂದುಬಿಡುತ್ತದೆ, ದನಿ ಅಲ್ಲಿಗೇ ನಿಲ್ಲುತ್ತದೆ. ಸಂಜೆ ಮಾವ ರೇಡಿಯೋ ಹಚ್ಚುವಾಗ ನಾನು ರಾಟೆ ನಿಲ್ಲಿಸಿ ಬಾಗಿಲ ಸಂದಿಯಿಂದ ನೋಡಿದೆ. ಅವರು ಎಳೆ ನೋಡಿದರು, ಮೇಲಕ್ಕೆ ತಂದರು, ಕುಣಿಗೆ ಇಳಿದರು. ದನಿ ತುಸು ತಗ್ಗಿತ್ತು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಗೊತ್ತಾಗದ ಕಳವು ಮೈಗೆ ಹತ್ತಿಬಿಡುತ್ತದೆ. ವಾರ ಬಿಟ್ಟು ಇನ್ನೊಂದು ಕಾಳಿನಷ್ಟು ಸರಿಸಿದೆ. ಮತ್ತೆ ಹದಿನೈದು ದಿನಕ್ಕೆ ಇನ್ನಷ್ಟು. ಹೀಗೆ ಏಳು ಸಲ. ದೀಪಾವಳಿಯ ಹೊತ್ತಿಗೆ ರೇಡಿಯೋ ನಮ್ಮ ತವರುಮನೆಯವರಂತೆ ಮರ್ಯಾದೆಯಿಂದ ಮಾತಾಡಲು ಕಲಿತಿತ್ತು. ನಾನು ಕಿವಿಯ ಹತ್ತಿ ತೆಗೆದೆ. ರಾಟೆ ತಿರುವುತ್ತ ಹಾಡು ಕೇಳಿ ತಲೆದೂಗಿದೆ ಕೂಡ. ಆ ದಿನಗಳಲ್ಲಿ ನನಗೆ ನನ್ನ ಜಾಣತನದ ಮೇಲೆ ಎಷ್ಟು ಅಭಿಮಾನವಿತ್ತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲು ಮಾವ ಸುದ್ದಿಯ ಹೊತ್ತಿಗೆ ಮಗ್ಗ ನಿಲ್ಲಿಸತೊಡಗಿದರು. ಕುಣಿಯಿಂದ ಗೂಡಿನ ಕಡೆಗೆ ಕತ್ತು ಚಾಚಿ ಕೇಳುತ್ತಿದ್ದರು. ಬ್ಯಾಟರಿ ತೀರಿರಬೇಕೆಂದರು, ಮಗ ಹೊಸ ಬ್ಯಾಟರಿ ತಂದು ಹಾಕಿದರು. ಎಳೆ ಮೇಲಕ್ಕೇ ಇತ್ತು, ದನಿ ಅಷ್ಟೇ ಇತ್ತು; ಕೊನೆಯ ಬಸ್ಸಿಗೆ ಬರುವ ಮಗನಿಗೆ ಅದು ಮೊದಲಿಗಿಂತ ತಗ್ಗಿದ್ದು ತಿಳಿಯಲಿಲ್ಲ. ಆಮೇಲೆ ಒಂದು ದಿನ ಅತ್ತೆಯನ್ನು ಕರೆದು ಮೆಲ್ಲಗೆ ಕೇಳಿದರು:

“ನಿನಗ ರೇಡಿಯೋ ನೆಟ್ಟಗ ಕೇಳ್ತೈತೇನು?”

ಅತ್ತೆಯನ್ನು ಮಾವ ಇಪ್ಪತ್ತು ವರ್ಷದಿಂದ ‘ಕಿವುಡಿ’ ಎಂದು ರೇಗಿಸುತ್ತ ಬಂದಿದ್ದರು. ಇಂಥ ಅವಕಾಶವನ್ನು ಅತ್ತೆ ಬಿಟ್ಟಾರೆಯೇ?

“ನನಗೇನಾಗೇತ್ರಿ ಧಾಡಿ? ಹಿತ್ತಲದಾಗ ನಿಂತ್ರೂ ಒಂದೊಂದ ಅಕ್ಷರ ಕೇಳ್ತೈತಿ!”

ಮಾವ ಮರುದಿನ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡರು. ಆ ವಾರದ ಸಂತೆಗೆ ಕೆರೂರಿಗೆ ಹೋಗಿ ಯಾರೋ ನಾಟಿ ವೈದ್ಯರ ಹತ್ತಿರ ಹಸಿರು ಔಷಧಿ ತಂದರು. ಎರಡೂ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕುಳಿತ ಮಾವನನ್ನು ಬಾಗಿಲ ಸಂದಿಯಿಂದ ನೋಡಿ ನಾನು ಸೆರಗು ಬಾಯಿಗೆ ಒತ್ತಿ ನಕ್ಕಿದ್ದೇನೆ. ದೇವರು ಕ್ಷಮಿಸಲಿ, ನಕ್ಕಿದ್ದೇನೆ.

ನಗು ನಿಂತದ್ದು ಸೀರೆ ಕೊಳ್ಳುವ ಸಾವಕಾರರು ಬಂದ ದಿನ. ಅವರು ಕಟ್ಟೆಯ ಮೇಲೆ ಕುಳಿತು ಸೆರಗು ಬಿಡಿಸಿ ಬಿಸಿಲಿಗೆ ಹಿಡಿದರು. ಕೆಂಪು ರೇಶಿಮೆಯ ನಡುವೆ ಗೇಣುದ್ದದ ತೆಳ್ಳನೆಯ ಗೆರೆ. ಒಂದು ಎಳೆ ಹರಿದಿತ್ತು, ಹರಿದದ್ದು ತಿಳಿಯದೆ ಮಾವ ಗೇಣುದ್ದ ನೇಯ್ದಿದ್ದರು. ಯಾವಾಗ ಆಗಿದ್ದೆಂದು ನನಗೆ ಗೊತ್ತಿತ್ತು. ಸುದ್ದಿ ಮುಗಿದು ರೈತರ ಮಾತು ಬರುವಾಗ, ಮೆಲುದನಿಯ ರೇಡಿಯೋದ ಕಡೆಗೆ ಜೀವವೆಲ್ಲ ಕಿವಿಯಾಗಿಸಿಕೊಂಡು ಅವರು ನೇಯುತ್ತಿದ್ದಾಗ. ಬಡಿತ ಬದಲಾದದ್ದು ನನಗೆ ಕೇಳಿಸಿತ್ತು, ಅವರೂ ಈಗ ನಿಲ್ಲಿಸುತ್ತಾರೆ ಎಂದುಕೊಂಡು ಕಂಡಿಕೆ ಸುತ್ತುತ್ತ ಕುಳಿತಿದ್ದೆ.

ಸಾವಕಾರರು ದೊಡ್ಡ ಮನುಷ್ಯರು, “ಇರ್ಲಿ ಬಿಡ್ರಿ, ವಯಸ್ಸಾತು,” ಎಂದರು. ಬೈದಿದ್ದರೆ ಮಾವ ತಡೆದುಕೊಳ್ಳುತ್ತಿದ್ದರೇನೋ. ಅವರು ಹೋದ ಮೇಲೆ ಮಾವ ರೇಡಿಯೋದ ಮೇಲೆ ಪಂಚೆ ಹೊದಿಸಿದರು. ಅದನ್ನು ಮತ್ತೆ ಹಚ್ಚಲಿಲ್ಲ. ಊಟಕ್ಕೆ ಕುಳಿತಾಗ ಮಗನಿಗೆ ಹೇಳಿದರು:

“ಕಿವಿ ಹ್ವಾದ ಮ್ಯಾಲ ನಾ ಮಗ್ಗದಾಗ ಕುಂದ್ರಬಾರದು. ಹಾಸಿದ್ದ ಸೀರಿ ಮುಗಿಸ್ತೇನಿ. ಅಮಾಸಿ ಮರುದಿನ ಗುಳೇದಗುಡ್ಡದವರು ಬಂದು ಮಗ್ಗ ಒಯ್ಯಲಿ.”

ಗುಳೇದಗುಡ್ಡದವರೆಂದರೆ ಅತ್ತೆಯ ತಮ್ಮ, ಅವರೂ ನೇಕಾರರು. ಅತ್ತೆ ಅತ್ತರು. ಮಗ ಸಮಾಧಾನ ಹೇಳಿದರು. ಬಾಗಿಲ ಹಿಂದೆ ನಿಂತಿದ್ದ ನಾನು ರೊಟ್ಟಿಯ ಬುಟ್ಟಿಯನ್ನು ನೆಲಕ್ಕಿಟ್ಟೆ. ಆ ಮಗ್ಗವೇ ಅವರು. ಅದನ್ನು ನಾನು ಜೋಳದ ಕಾಳಿನ ಲೆಕ್ಕದಲ್ಲಿ ಅವರ ಕೈಯಿಂದ ಬಿಡಿಸಿದ್ದೆ.

ಮರುದಿನ ಮಾಡಿದ ಮೊದಲ ಕೆಲಸ ಎಳೆಯನ್ನು ಹಿಂದಿನ ಜಾಗಕ್ಕೇ ಅಂಟಿಸಿದ್ದು. ಆದರೆ ಪಂಚೆ ಸರಿಸಿ ರೇಡಿಯೋ ಹಚ್ಚುವವರು ಯಾರು? ಮಾವ ಆ ಗೂಡಿನ ಕಡೆ ನೋಡುತ್ತಲೂ ಇರಲಿಲ್ಲ. ಕೊನೆಗೆ ನಮ್ಮ ಮನೆಯವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಹಣೆ ಹಿಡಿದುಕೊಂಡರು. “ನಾ ಹೇಳ್ತೇನಿ ಅಪ್ಪಗ, ನೀ ಸುಮ್ಮನಿರು,” ಎಂದು ಧೈರ್ಯವಾಗಿ ಎದ್ದು ಮಗ್ಗದವರೆಗೆ ಹೋದರು. ಕೋರ್ಟಿನಲ್ಲಿ ದಿನಾ ವಕೀಲರ ನಡುವೆ ಇರುವವರು ಅಪ್ಪನ ಮುಂದೆ ನಿಂತು, “ಚಹಾ ಆತೇನಪ್ಪಾ?” ಎಂದು ಕೇಳಿ ವಾಪಸು ಬಂದರು. ಮರುದಿನವೂ ಅಷ್ಟೇ. ಹೆಂಡತಿಯ ಕಳವನ್ನು ಅಪ್ಪನ ಮುಂದೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಅವರ ಮೇಲೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ಅಮಾವಾಸ್ಯೆ ಬಂತು. ಆ ದಿನ ನಮ್ಮ ಓಣಿಯಲ್ಲಿ ಮಗ್ಗ ನಡೆಸುವುದಿಲ್ಲ. ತಿಂಗಳಿಗೊಮ್ಮೆ ಇಡೀ ಓಣಿ ಸುಮ್ಮನಾಗುವ ಆ ದಿನ ನನಗೆ ಹಬ್ಬಕ್ಕಿಂತ ಹೆಚ್ಚು. ಅವತ್ತು ಮಾತ್ರ ಆ ಮೌನ ಸಹಿಸಲಾಗಲಿಲ್ಲ. ಮನೆಯವರು ಹುನಗುಂದಕ್ಕೆ ಹೋಗಿದ್ದರು, ಅತ್ತೆ ಗುಡಿಗೆ ಹೋಗಿದ್ದರು. ನಡುಮನೆಯಲ್ಲಿ ಮಾವ ಒಬ್ಬರೇ. ಬಾಗಿಲಿಗೆ ಬೆನ್ನು ಮಾಡಿ ಕುಳಿತು ಮಗ್ಗದ ಹಗ್ಗ ಬಿಚ್ಚುತ್ತಿದ್ದರು. ಒಂದೊಂದು ಗಂಟು ಸಡಿಲಿಸಿ ಹಗ್ಗವನ್ನು ಸುತ್ತಿ ಬದಿಗೆ ಇಡುವ ಸದ್ದು ನನಗೆ ಅಡಿಗೆಮನೆಯವರೆಗೆ ಕೇಳಿಸುತ್ತಿತ್ತು. ಮೂರು ಗಂಟು ಎಣಿಸಿದೆ. ನಾಲ್ಕನೆಯದಕ್ಕೆ ತಡೆಯಲಾಗದೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಹೋಗಿ ಬಾಗಿಲ ಮರೆಯಲ್ಲಿ ನಿಂತೆ.

ಬಾಯಿಂದ ಹೊರಟದ್ದು ಬಾದಾಮಿಯ ಪಿಸುಮಾತು.

“ಮಾವಾರ, ನಿಮ್ಮ ಕಿವಿಗಿ ಏನೂ ಆಗಿಲ್ರಿ. ರೇಡಿಯೋದ ಎಳಿ ನಾನ ಸರಿಸೇನ್ರಿ.”

ಹಗ್ಗದ ಮೇಲಿನ ಕೈ ನಿಂತಿತು. ಅವರು ತಿರುಗಲಿಲ್ಲ.

“ಎಷ್ಟು ಸರಿಸಿದಿ?”

ನೇಕಾರರಲ್ಲವೇ, ಮೊದಲು ಕೇಳುವುದು ಅಳತೆ.

“ಜ್ವಾಳದ ಕಾಳಿನಷ್ಟು ರೀ. ಏಳು ಸಲ.”

“ಯಾಕ?”

“ಜೋರು ಸಪ್ಪಳ ಆದ್ರ ನನಗ ಕಿವಿ ನೋಯ್ತಾವ್ರಿ. ತಡಕೊಳ್ಳಾಕ ಆಗಂಗಿಲ್ಲ. ನಿಮಗ ಹೇಳಾಕ ಬರಂಗಿರಲಿಲ್ಲ.”

“ಗುರುತಿನ ಎಳಿ ಸರಸ್ತಾರೇನವಾ, ನೇಕಾರರ ಮನ್ಯಾಗ?”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳತೊಡಗಿದೆ. ಬೈಯುತ್ತಾರೆ, ತವರಿಗೆ ಕಳಿಸುತ್ತಾರೆ ಎಂದು ಕಾಯುತ್ತ ನಿಂತೆ. ಅವರು ಮಾತಾಡಿದಾಗ ದನಿ ನನ್ನದರಷ್ಟೇ ತಗ್ಗಿತ್ತು.

“ರೇಡಿಯೋ ಹಾಳಾಗಿ ಹೋಗ್ಲಿ ಬಿಡು. ಅದು ಯಂತ್ರ, ಅದರ ಮ್ಯಾಲ ನಾ ಪೂರಾ ನಂಬಿಕಿ ಇಟ್ಟಿದ್ದಿಲ್ಲ. ಅತ್ತಿ ಕೂಡ ನೀ ಮಾತಾಡೂ ಮುಂದ ನಿನ್ನ ತುಟಿ ಅಲಗೂದು ಕಾಣ್ತಿತ್ತು. ಆಕಿಗಿ ಕೇಳ್ತಿತ್ತು, ನನಗ ಕೇಳ್ತಿದ್ದಿಲ್ಲ. ಎರಡು ವರ್ಷದಾಗ ನಿನ್ನ ಒಂದ ಮಾತು ನನ್ನ ಕಿವಿಗಿ ಬಿದ್ದಿಲ್ಲ. ಮನಿ ಸೊಸಿ ದನಿ ಕೇಳಲಾರದ ಕಿವಿ ಇನ್ನೇನು ಉಳದಾವ ಅಂತ ತಿಳಕೊಂಡೆ.”

ನನ್ನ ಅಳು ಅಲ್ಲಿಗೇ ನಿಂತಿತು. ಅತ್ತೆಯ ಕಿವಿಗೆ ಬಾಯಿ ಹಚ್ಚಿ ನಾನು ಹೇಳುತ್ತಿದ್ದ ಆ ಮಾತುಗಳನ್ನು ಅವರು ಕೇಳಲು ಪ್ರಯತ್ನಿಸುತ್ತಿದ್ದರೆಂದು ನನಗೆ ಯಾವ ದಿನವೂ ಹೊಳೆದಿರಲಿಲ್ಲ.

“ಈಗ ಕೇಳಿಸ್ತೇನ್ರಿ?” ಎಂದೆ.

“ಕೇಳಿಸ್ತು,” ಎಂದರು ಮಾವ, ಇನ್ನೂ ಬೆನ್ನು ಮಾಡಿಕೊಂಡೇ. ಒಂದು ಕೈಯಿಂದ ಕಣ್ಣು ಒರೆಸಿಕೊಂಡರು. “ಎಲ್ಲಾ ಕೇಳಿಸ್ತು. ಆದ್ರೂ ಇನ್ನೊಮ್ಮೆ ಹೇಳವಾ.”

ನಾನು ಬಾಗಿಲ ಮರೆಯಿಂದ ಹೊರಗೆ ಬಂದು, ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ.